ಗಿಡ್ಡ ಕೋಟಿನ ಹುಳಕ್ಕೆ ಎರವಲು ಬಾಲ

ಮೊದಲೇ ಹೇಳಿಬಿಡುತ್ತೇನೆ, ಇಂಥ ಲವ್ ಸ್ಟೋರಿ ನೀವು ಓದಿಲ್ಲ. ನೀವು ನೋಡಿದ ಹೀರೋಗಳು ಹುಡುಗಿಗಾಗಿ ಹತ್ತು ಜನರನ್ನು ಗಾಳಿಯಲ್ಲಿ ತೇಲಿಸಿರಬಹುದು, ಓಡುವ ರೈಲಿನ ನೆತ್ತಿಯ ಮೇಲೆ ಓಡಿರಬಹುದು. ಅದೆಲ್ಲ ಮಾಮೂಲು. ನನ್ನ ಹೀರೋ ಗೋಧಿ ಕಾಳಿನಷ್ಟು ಉದ್ದದ ಒಂದು ಹುಳದ ಮುಂದೆ ನಿಂತು, ಕೆಲಸ, ಮಾನ, ಪ್ರೀತಿ ಮೂರನ್ನೂ ಪಣಕ್ಕಿಟ್ಟು, ಒಂದೇ ಒಂದು ಡೈಲಾಗ್ ಹೊಡೆದ. ಸಿನಿಮಾ ಹಾಲ್ ಆಗಿದ್ದರೆ ಶಿಳ್ಳೆಯ ಸದ್ದಿಗೆ ಪರದೆ ಹರಿದುಹೋಗುತ್ತಿತ್ತು. ಮ್ಯೂಸಿಯಮ್ಮಿನ ಹುಳಗಳ ಕೋಣೆಯಾದ್ದರಿಂದ ಬರೀ ಫ್ಯಾನ್ ತಿರುಗಿತು.

ಹೀರೋನನ್ನು ಎಲ್ಲರೂ ಗೋಂದು ಎಂದೇ ಕರೆಯುತ್ತಿದ್ದರು. ಅವನ ಕೆಲಸವೇ ಗೋಂದು. ಪಿನ್ನು ಚುಚ್ಚಿದರೆ ಚೂರಾಗುವಷ್ಟು ಚಿಕ್ಕ ಹುಳಗಳನ್ನು ತ್ರಿಕೋನದ ಕಾಗದದ ತುದಿಗೆ ಅಂಟಿಸುವುದು, ಕಾಲು ಮುರಿದಿದ್ದರೆ ಕಾಲು ಜೋಡಿಸುವುದು, ಆ ಕಾಗದವನ್ನು ಪಿನ್ನಿಗೆ ಸಿಕ್ಕಿಸಿ ಲೇಬಲ್ ಹಾಕುವುದು. ಇಪ್ಪತ್ತಾರು ವರ್ಷ, ಕೈ ಬಂಗಾರ, ಬಾಯಿ ಮಾತ್ರ ಯಾವ ಕಂಪನಿಯದೋ ಗೊತ್ತಿಲ್ಲ. ಬೆಳಿಗ್ಗೆ ಬೀರು ತೆರೆಯುವಾಗಲೂ "ಸತ್ತೋರೆಲ್ಲ ಕೇಳಿಸ್ಕೊಳ್ಳಿ, ಬಂದಿದ್ದಾನೆ ನಿಮ್ಮ ಯಜಮಾನ!" ಎಂದು ಒಂದು ಡೈಲಾಗ್ ಬಿಟ್ಟೇ ತೆರೆಯುತ್ತಿದ್ದ.

ಒಂದು ಸೋಮವಾರ ಅವನು ಹಾಗೆ ಎಂಟ್ರಿ ಕೊಟ್ಟಾಗ ಅವನ ಕುರ್ಚಿಯಲ್ಲಿ ಯಾರೋ ಕೂತಿದ್ದರು. ಬೆನ್ನು ಈ ಕಡೆ, ಕಣ್ಣು ಮೈಕ್ರೋಸ್ಕೋಪಿನ ಒಳಗೆ. ಕುತ್ತಿಗೆಯಿಂದ ಒಂದು ಪುಟ್ಟ ಲೆನ್ಸು ದಾರದಲ್ಲಿ ತೂಗಾಡುತ್ತಿತ್ತು.

"ಈ ಹುಳಗಳನ್ನ ಅಂಟಿಸಿದ ಪುಣ್ಯಾತ್ಮ ಯಾರು?" ಎಂದಿತು ಬೆನ್ನು.

ಗೋಂದು ಕಾಲರ್ ಸರಿಮಾಡಿಕೊಂಡ. ಏಳು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. "ಈ ಪುಣ್ಯಾತ್ಮನೇ. ಆಟೋಗ್ರಾಫ್ ಬೇಕಿತ್ತಾ?"

ಬೆನ್ನು ತಿರುಗಿತು. ಬಲಗಣ್ಣಿನ ಸುತ್ತ ಮೈಕ್ರೋಸ್ಕೋಪ್ ಒತ್ತಿದ ಕೆಂಪು ಉಂಗುರ. ಆ ಉಂಗುರದ ನಡುವಿನಿಂದ ಒಂದು ನೋಟ ಬಂತು ನೋಡಿ, ಗೋಂದುವಿನ ಕಾಲರ್ ತಾನಾಗೇ ಮಡಚಿಕೊಂಡಿತು.

"ಆಟೋಗ್ರಾಫ್ ಬೇಡ, ಸುತ್ತಿಗೆ ಬೇಕು. ಹುಳ ಅಂಟಿಸಿದ್ದೀರೋ, ಸಿಮೆಂಟ್ ಹಾಕಿ ಮಹಡಿ ಕಟ್ಟಿದ್ದೀರೋ?"

ಅವಳು ಹುಳಗಳ ಡಾಕ್ಟರ್. ಅದರಲ್ಲೂ ರೋವ್ ಬೀಟಲ್ ಎಂಬ ಒಂದೇ ಕುಟುಂಬದ ಹುಳಗಳನ್ನು ಒಂದರಿಂದ ಒಂದು ಬೇರ್ಪಡಿಸುವುದು ಅವಳ ವಿದ್ಯೆ. ಮ್ಯೂಸಿಯಮ್ಮಿನಲ್ಲಿ ಹೆಸರಿಲ್ಲದೆ ಬಿದ್ದಿದ್ದ ನಲವತ್ತು ಪೆಟ್ಟಿಗೆಗಳನ್ನು ವಿಂಗಡಿಸಲು ಒಂದು ತಿಂಗಳ ಮಟ್ಟಿಗೆ ಬಂದಿದ್ದಳು. ಎಲ್ಲರಿಗೂ ಅವಳು ಮೇಡಂ. ಗೋಂದುವಿಗೆ ಮನಸ್ಸಿನೊಳಗೆ ಮಾತ್ರ ಲೆನ್ಸಮ್ಮ.

ಈ ರೋವ್ ಬೀಟಲ್ಲನ್ನು ನೀವೂ ನೋಡಿರುತ್ತೀರಿ. ಕಲ್ಲು ಎತ್ತಿದರೆ ಅಡಿಯಿಂದ ಓಡುವ, ಮುಟ್ಟಲು ಹೋದರೆ ಚೇಳಿನ ಹಾಗೆ ಬಾಲ ಎತ್ತಿ ಹೆದರಿಸುವ ಉದ್ದನೆಯ ಹುಳ. ರೆಕ್ಕೆಯ ಮೇಲಿನ ಗಟ್ಟಿ ಹೊದಿಕೆ ಬೆನ್ನಿನ ಅರ್ಧಕ್ಕೇ ನಿಂತಿರುತ್ತದೆ. ತಮ್ಮನ ಕೋಟನ್ನು ಅಣ್ಣ ಹಾಕಿಕೊಂಡು ಮದುವೆಗೆ ಹೋದಂತೆ.

"ಇಲ್ಲಿ ಕೂತ್ಕೊಳ್ಳಿ," ಎಂದಳು ಮರುದಿನ. ಆ ಮೈಕ್ರೋಸ್ಕೋಪಿಗೆ ಎರಡು ಜೊತೆ ಕಣ್ಣು, ಇಬ್ಬರು ಎದುರುಬದುರು ಕೂತು ಒಂದೇ ಹುಳ ನೋಡಬಹುದು. "ಇವೆರಡೂ ಒಂದೇನಾ, ಬೇರೆನಾ?"

"ಒಂದೇ. ಅವಳಿ ಜವಳಿ."

"ಅಲ್ಲ. ಬೇರೆ ಬೇರೆ ಜಾತಿ. ಎಡಗಡೇದರ ಕೋಟಿನ ಮೇಲೆ ಚುಕ್ಕಿ ಒತ್ತಾಗಿದೆ, ಕಣ್ಣಿನ ಹಿಂದಿನ ಕೆನ್ನೆ ಉದ್ದ. ಬಲಗಡೇದಕ್ಕೆ ಚುಕ್ಕಿ ಕಮ್ಮಿ, ಕೆನ್ನೆ ಗಿಡ್ಡ. ಬಾಲದ ಕೊನೇ ಪಟ್ಟಿ ಕೆಳಗಡೆಯಿಂದ ನೋಡಿದ್ರೆ ಎಡಗಡೇದು ನುಣುಪು, ಬಲಗಡೇದಕ್ಕೆ ಆಳವಾದ ಸೀಳು. ಆದ್ರೆ ಕೆಳಗಡೆ ಏನಿದೆ? ನಿಮ್ಮ ಸಿಮೆಂಟ್!"

ಲ್ಯಾಟಿನ್ ಹೆಸರು ಬಾಯಲ್ಲಿ ತಿರುಗದೆ ಗೋಂದು ಎಡಗಡೆಯದಕ್ಕೆ ದೊಡ್ಡಪ್ಪ, ಬಲಗಡೆಯದಕ್ಕೆ ಚಿಕ್ಕಪ್ಪ ಎಂದು ನಾಮಕರಣ ಮಾಡಿದ. ಅವಳು ನಗಲಿಲ್ಲ. ಹತ್ತು ಹುಳ ಮುಂದಿಟ್ಟು ಪರೀಕ್ಷೆ ಮಾಡಿದಳು. ಹತ್ತಕ್ಕೆ ಒಂಬತ್ತು ತಪ್ಪು. ಹತ್ತನೆಯದು ಇರುವೆ.

"ನಿಮ್ಮ ಕಣ್ಣು ಬರೀ ಅಲಂಕಾರಕ್ಕಾ?" ಎಂದಳು. ಅದೂ ಕ್ಯುರೇಟರ್ ಸಾಹೇಬರ ಎದುರಿಗೆ. ಮೂವತ್ತು ವರ್ಷದಿಂದ ಈ ಕೋಣೆಯ ಯಜಮಾನಿಕೆ ನಡೆಸಿ ನಡೆಸಿ ಬೆವರೂ ನುಸಿಗುಳಿಗೆಯ ವಾಸನೆ ಹೊಡೆಯುತ್ತಿದ್ದ ಆ ಸಾಹೇಬರು, ಜನ್ಮದಲ್ಲಿ ಮೊದಲ ಸಲ ಹಲ್ಲು ತೋರಿಸಿ ನಕ್ಕರು.

ಹೀರೋನ ಸ್ವಾಭಿಮಾನ ಕೆಣಕಿದರೆ ಮುಂದೆ ಏನಾಗುತ್ತದೆ ಎಂದು ನಿಮಗೇ ಗೊತ್ತು. ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಹಾಕಿಕೊಳ್ಳಿ.

ಬುಧವಾರ ಎಲ್ಲರೂ ಟೀಗೆ ಹೋದ ಹೊತ್ತಿನಲ್ಲಿ ಗೋಂದು ಮುರಿದ ಹುಳಗಳ ಡಬ್ಬಿ ತೆಗೆದ. ಒಂದು ದೊಡ್ಡಪ್ಪನ ತಲೆ, ಎದೆ, ಕೋಟು. ಒಂದು ಚಿಕ್ಕಪ್ಪನ ಬಾಲ. ಒಂದು ಕೂದಲಿನ ತುದಿಯಷ್ಟು ಗೋಂದು. ಉಸಿರು ಬಿಗಿಹಿಡಿದು, ಜೋಡಣೆಯ ಗೆರೆ ಗಿಡ್ಡ ಕೋಟಿನ ಅಂಚಿನ ಕೆಳಗೆ ಅಡಗುವಂತೆ ಒತ್ತಿದ. ಏಳು ವರ್ಷದ ಕೈಚಳಕವೆಲ್ಲ ಅಲ್ಲಿತ್ತು. ಹುಳದ ಹೆತ್ತತಾಯಿ ಬಂದರೂ "ಇವನು ನಮ್ಮೋನೇ" ಅನ್ನಬೇಕು. ಅದನ್ನು ಅವಳ ಟ್ರೇಯ ಮಧ್ಯೆ ಸೇರಿಸಿದ. ಹತ್ತು ನಿಮಿಷ ತಲೆ ಕೆರೆದುಕೊಳ್ಳುತ್ತಾಳೆ, ಆಮೇಲೆ "ಹೆಂಗೆ ಮೇಡಂ? ಕಣ್ಣು ಅಲಂಕಾರಕ್ಕಾ?" ಎಂದು ಕೇಳುವುದು. ಅಷ್ಟೇ ಪ್ಲಾನು.

"ಗೋಂದು! ಗೋಂದು, ಬನ್ನಿ ಇಲ್ಲಿ!"

ಡೈಲಾಗ್ ನಾಲಿಗೆಯ ತುದಿಗೆ ತಂದುಕೊಂಡೇ ಹೋದ. ಆದರೆ ಅವಳು ಅವನ ಮುಂಗೈ ಹಿಡಿದು ಎಳೆದು ಎದುರು ಕುರ್ಚಿಯಲ್ಲಿ ಕೂರಿಸಿದಳು.

"ತಲೆ ಯಾರದು?"

"ದೊಡ್ಡಪ್ಪಂದು."

"ಬಾಲ?"

"ಚಿ... ಚಿಕ್ಕಪ್ಪಂದು."

"ಹಾಗಾದ್ರೆ ಇದು ಯಾರು?"

ಹೇಳಬೇಕಾದ ಗಳಿಗೆ ಅದೇ. ಗೋಂದು ತಲೆ ಎತ್ತಿದ. ಅವಳೂ ತಲೆ ಎತ್ತಿದಳು. ಎರಡು ಕಣ್ಣಿಗೂ ಎರಡು ಕೆಂಪು ಉಂಗುರ, ಆ ಉಂಗುರದೊಳಗೆ ನೀರು.

"ಮೂರನೇದು ಗೋಂದು! ಯಾರೂ ನೋಡೇ ಇಲ್ಲದ ಮೂರನೇ ಜಾತಿ! ಎಂಟು ವರ್ಷದಿಂದ ಇಂಥದ್ದೊಂದಕ್ಕೆ ಕಾಯ್ತಿದ್ದೆ. ಅದೂ ನೀವು ಅಂಟಿಸಿದ ಹುಳ. ನೋಡಿ, ಎಷ್ಟು ಚೆನ್ನಾಗಿ ಅಂಟಿಸಿದ್ದೀರ! ಸಿಮೆಂಟ್ ಅಂದಿದ್ದಕ್ಕೆ ಸಾರಿ."

ನಾಲಿಗೆಯ ತುದಿಯಲ್ಲಿದ್ದ ಡೈಲಾಗ್ ಗಂಟಲಿಗೆ ಜಾರಿತು. ಗೋಂದು ಅದನ್ನು ಗುಟುಕರಿಸಿ, "ಪರವಾಗಿಲ್ಲ ಮೇಡಂ," ಎಂದ.

ಆಮೇಲಿನ ಮೂರು ವಾರಗಳನ್ನು ಹಾಡಿನಲ್ಲಿ ತೋರಿಸಬೇಕು. ನನ್ನ ಹತ್ತಿರ ಹಾಡಿಲ್ಲ, ಬರೀ ಮಾತಿದೆ, ಸುಧಾರಿಸಿಕೊಳ್ಳಿ.

ದಿನಾ ಬೆಳಿಗ್ಗೆ ಇಬ್ಬರೂ ಆ ಮೈಕ್ರೋಸ್ಕೋಪಿನ ಎರಡು ಬದಿ ಕೂರುತ್ತಿದ್ದರು. ಟೇಬಲ್ ಚಿಕ್ಕದು. ಮೊಣಕಾಲಿಗೆ ಮೊಣಕಾಲು ತಗಲುತ್ತಿತ್ತು. ಮೊದಲ ವಾರ ಇಬ್ಬರೂ "ಸಾರಿ" ಅನ್ನುತ್ತಿದ್ದರು. ಎರಡನೇ ವಾರ ಒಬ್ಬರೇ ಅನ್ನುತ್ತಿದ್ದರು. ಮೂರನೇ ವಾರ ಯಾರೂ ಅನ್ನಲಿಲ್ಲ, ಕಾಲೂ ಕದಲಲಿಲ್ಲ.

ಅವಳಿಗೆ ಯೋಚನೆ ಬಂದಾಗ ಲೆನ್ಸಿನ ದಾರವನ್ನು ಹಲ್ಲಿನಲ್ಲಿ ಕಚ್ಚುವ ಅಭ್ಯಾಸ. ಶ್ರುತಿಯೇ ಇಲ್ಲದೆ ಏನೋ ಗುನುಗುವ ಅಭ್ಯಾಸ. ಬಿಸ್ಕತ್ತನ್ನು ಟೀಗೆ ಅದ್ದಿ ಅದು ಮುರಿದು ಬಿದ್ದರೆ, ಹುಳ ಎತ್ತುವ ಚಿಮಟದಲ್ಲಿ ಅದನ್ನು ಹುಡುಕುವ ಅಭ್ಯಾಸ. ಇವನ್ನೆಲ್ಲ ಗೋಂದು ಚುಕ್ಕಿ ಎಣಿಸುವ ಶ್ರದ್ಧೆಯಲ್ಲಿ ನೋಡಿ ಇಟ್ಟುಕೊಂಡ.

"ಏನ್ ನೋಡ್ತಿದ್ದೀರಾ?"

"ಕೆನ್ನೆ ಕಣ್ಣಿಗಿಂತ ಎಷ್ಟು ಉದ್ದ ಅಂತ ಅಳೀತಿದ್ದೆ ಮೇಡಂ."

"ಯಾರದು?"

"ಹುಳದ್ದು."

"ಹುಳ ಆ ಕಡೆ ಇದೆ."

ಅವಳು ತಕ್ಷಣ ಕಣ್ಣನ್ನು ಮೈಕ್ರೋಸ್ಕೋಪಿಗೆ ಒತ್ತಿಕೊಂಡಳು. ಆದರೆ ನಗು ಬಂದಾಗ ಕಿವಿ ಹಿಂದಕ್ಕೆ ಸರಿಯುತ್ತದೆ, ಅದನ್ನು ಯಾವ ಮೈಕ್ರೋಸ್ಕೋಪೂ ಮುಚ್ಚುವುದಿಲ್ಲ. ಗೋಂದು ಅದನ್ನೂ ನೋಡಿ ಇಟ್ಟುಕೊಂಡ.

ಇಷ್ಟರಲ್ಲಿ ಅವನಿಗೆ ನಿಜವಾಗಿಯೂ ವಿದ್ಯೆ ಹತ್ತಿತ್ತು. ಹತ್ತಕ್ಕೆ ಹತ್ತು ಹೇಳುತ್ತಿದ್ದ. "ಇವನು ದೊಡ್ಡಪ್ಪ. ಇವನು ಚಿಕ್ಕಪ್ಪ. ಇವನೂ ಚಿಕ್ಕಪ್ಪನೇ, ವೇಷ ಹಾಕ್ಕೊಂಡು ಬಂದಿದ್ದಾನೆ." ಅವಳು ಬೆನ್ನು ತಟ್ಟುತ್ತಿದ್ದಳು. ತಟ್ಟಿದಾಗಲೆಲ್ಲ ಒಳಗೆ ಆ ಸುಳ್ಳು ಬಾಲ ಎತ್ತಿ ಕುಟುಕುತ್ತಿತ್ತು. ನಾಳೆ ಹೇಳಿಬಿಡೋಣ ಅಂದುಕೊಳ್ಳುತ್ತಿದ್ದ. ನಾಳೆ ಅವಳು ಇನ್ನೂ ಸಂತೋಷವಾಗಿರುತ್ತಿದ್ದಳು.

ಒಂದು ದಿನ, "ಹೆಸರು ಯೋಚಿಸಿದೆ," ಎಂದಳು. "ನಿಮ್ಮ ಹೆಸರೇ ಇಡ್ತೀನಿ."

"ಏನು?"

"ಹುಳಕ್ಕೆ. ಅಂಟಿಸಿದವರ ಹೆಸರಿಡೋದು ತಪ್ಪೇನಲ್ಲ. ಹಿಂದೆ ಒಂದು 'ಇ' ಸೇರಿಸಿದ್ರೆ ಲ್ಯಾಟಿನ್ ಆಗತ್ತೆ. ಗೋಂದು-ಇ."

"ಗೋಂದುಇ? ಮೇಡಂ, ಯಾರೋ ಕಾಲು ತುಳಿದ ಹಾಗಿದೆ."

"ನಾವಿಬ್ರೂ ಸತ್ತ ಮೇಲೂ ಆ ಹೆಸರು ಇರತ್ತೆ ಗೋಂದು."

ನಾವಿಬ್ರೂ. ಒಂದೇ ಪದದಲ್ಲಿ ಕಟ್ಟಿಕೊಟ್ಟಳು. ಬೇರೆ ದಿನವಾಗಿದ್ದರೆ ಗೋಂದು ಆ ಪದವನ್ನು ಮನೆಗೆ ತೆಗೆದುಕೊಂಡು ಹೋಗಿ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ. ಅವತ್ತು ಮಾತ್ರ ಅವನಿಗೆ ಅದರಲ್ಲಿ 'ಸತ್ತ ಮೇಲೂ' ಎನ್ನುವುದಷ್ಟೇ ಕೇಳಿಸಿತು.

ಕ್ಯುರೇಟರ್ ಸಾಹೇಬರು ಬಂದು ಮಿಕ್ಕ ಬಾಂಬ್ ಹಾಕಿದರು. "ಶುಕ್ರವಾರ ಕಮಿಟಿ ಇದೆಯಮ್ಮ. ನಿನ್ನ ಒಂದು ತಿಂಗಳು ಮುಗೀತಾ ಬಂತು. ಹೊಸ ಜಾತಿ ಅಂತ ತೋರಿಸಿದ್ರೆ ಇಲ್ಲೇ ಉಳಿಸ್ಕೊಳ್ತಾರೆ, ಇಲ್ಲಾಂದ್ರೆ ಪೆಟ್ಟಿಗೆ ಕಟ್ಟು. ಆದ್ರೆ ಒಳಗಿನ ಸಾಕ್ಷಿ ಬೇಕು."

"ಗುರುವಾರ ಮೂರು ಗಂಟೆಗೆ ತೆಗೀತೀನಿ ಸಾರ್, ನೀವೂ ಬನ್ನಿ," ಎಂದಳು.

ಅವರು ಹೋದ ಮೇಲೆ ಗೋಂದು ಮೆಲ್ಲಗೆ ಕೇಳಿದ. "ಒಳಗಿನ ಸಾಕ್ಷಿ ಅಂದ್ರೆ?"

"ಚುಕ್ಕಿ, ಕೆನ್ನೆ ಎಲ್ಲ ಹೊರಗಿನ ಮಾತು. ಖಾತ್ರಿ ಆಗ್ಬೇಕಾದ್ರೆ ಗಂಡು ಹುಳದ... ಆ ಭಾಗ ಹೊರಗೆ ತೆಗೆದು ನೋಡ್ಬೇಕು. ಪ್ರತಿ ಜಾತಿಗೂ ಅದರ ಆಕಾರ ಬೇರೆ."

ಗೋಂದುವಿನ ಕಿವಿ ಕೆಂಪಾಯಿತು. "ಮೇಡಂ, ಪಾಪ, ಸತ್ತ ಗಂಡಸಿಗೂ ಒಂದು ಮರ್ಯಾದೆ ಬೇಡ್ವಾ?"

ಅವಳು ಬಿದ್ದು ಬಿದ್ದು ನಕ್ಕಳು. ನಗುತ್ತಲೇ, "ಒಣಗಿದ ಹುಳ ಅಲ್ವಾ, ಮೊದಲು ಬಿಸಿನೀರಲ್ಲಿ ನೆನೆಸಿ ಮೆದು ಮಾಡ್ಬೇಕು," ಎಂದಳು.

ಬಿಸಿನೀರು. ಗೋಂದುವಿನ ಮುಖದಲ್ಲಿ ನಗು ಅಲ್ಲೇ ಇಂಟರ್ವಲ್ ತೆಗೆದುಕೊಂಡಿತು. ಮ್ಯೂಸಿಯಮ್ಮಿನ ಗೋಂದು ಬಿಸಿನೀರಿಗೆ ಎರಡೇ ನಿಮಿಷದಲ್ಲಿ ಕರಗುತ್ತದೆ. ಬೇಕೆಂದೇ ಹಾಗೆ ಮಾಡಿರುತ್ತಾರೆ, ಮುಂದೆ ಯಾರಾದರೂ ಬಿಡಿಸಿ ನೋಡಬೇಕಾದರೆ ಎಂದು. ಗುರುವಾರ ಮೂರು ಗಂಟೆ ಎರಡು ನಿಮಿಷಕ್ಕೆ, ಸಾಹೇಬರ ಕಣ್ಣೆದುರಿಗೆ, ಅವಳ ಎಂಟು ವರ್ಷದ ಕನಸು ಎರಡು ತುಂಡಾಗಿ ತೇಲುತ್ತದೆ.

ಅವನು ಇದ್ದದ್ದು ಅಕ್ಕ ಭಾವನ ಜೊತೆ. ಅಕ್ಕ ದರ್ಜಿ, ಮನೆಯ ಕೆಳಗೇ ಅಂಗಡಿ. ಆ ಸಂಜೆ ಅವನು ಬಟ್ಟೆಯ ರಾಶಿಯ ಮೇಲೆ ಕೂತು ಸುತ್ತಿ ಬಳಸಿ ಶುರುಮಾಡಿದ.

"ಅಕ್ಕ, ಒಂದು ಅಂಗಿಗೆ ಬೇರೆ ಅಂಗಿ ತೋಳು ಹೊಲಿದುಬಿಟ್ಟೆ ಅಂದ್ಕೋ. ತಮಾಷೆಗೆ. ಗಿರಾಕಿ ನೋಡಿ, ಆಹಾ ಹೊಸ ಫ್ಯಾಷನ್ನು ಅಂತ ಕುಣಿದಾಡಿಬಿಟ್ಲು. ಏನ್ ಮಾಡ್ತೀಯ?"

ಅಕ್ಕ ಬಾಯಲ್ಲಿದ್ದ ಗುಂಡುಪಿನ್ನು ತೆಗೆಯದೆಯೇ ಕೇಳಿದಳು. "ಯಾರೋ ಅವಳು?"

"ಅಂಗಿ ವಿಷ್ಯ ಅಕ್ಕ."

"ಅಂಗಿ ವಿಷ್ಯಕ್ಕೆ ಯಾವನೂ ಎರಡು ದಿನ ಊಟ ಬಿಡಲ್ಲ ಕಣೋ. ಹೆಸರು ಹೇಳು."

"ಲೆನ್ಸಮ್ಮ."

"ಅದೆಂಥ ಹೆಸರೋ! ಇರ್ಲಿ. ನೋಡು, ಹೊಲಿಗೆ ತಪ್ಪಿದ್ರೆ ಬಿಚ್ಚಬೇಕು. ಇಸ್ತ್ರಿ ಹಾಕಿ ಮಟ್ಟ ಮಾಡಿದ್ರೆ ಒಗೆದಾಗ ಬಯಲಾಗತ್ತೆ."

"ಗುರುವಾರ ಮೂರು ಗಂಟೆಗೆ ಒಗೀತಾರೆ ಅಕ್ಕ."

ಒಳಗಿನಿಂದ ಭಾವ ಕೂಗಿದರು. "ಲೇ ಭಾಮೈದ, ಸೂಪರ್ ಗ್ಲೂ ಹಾಕು! ನನ್ನ ಚಪ್ಪಲಿ ನೋಡು, ಎರಡು ಮಳೆಗಾಲ ಆಯ್ತು, ಬಿಟ್ಟಿದ್ಯಾ?"

"ನೀವು ಸುಮ್ಮನಿರ್ರೀ!" ಎಂದಳು ಅಕ್ಕ. ಆದರೆ ಅಷ್ಟು ಹೊತ್ತಿಗೆ ಮಾತು ಕಿವಿಗೆ ಬಿದ್ದಾಗಿತ್ತು. ಸೂಪರ್ ಗ್ಲೂ ನೀರಿಗೆ ಕರಗುವುದಿಲ್ಲ. ಬಾಲ ಬಿಡುವುದಿಲ್ಲ. ಅವಳು ಉಳಿಯುತ್ತಾಳೆ. ಸುಳ್ಳು ಮಾತ್ರ ಪುಸ್ತಕದಲ್ಲಿ ಅಚ್ಚಾಗಿ, ಒಂದಲ್ಲ ಒಂದು ದಿನ ಯಾವನೋ ಪಂಡಿತ ಬಿಡಿಸಿ ನೋಡಿ, ಊರೆಲ್ಲ ಅವಳನ್ನು ನೋಡಿ ನಗುತ್ತದೆ.

ಗುರುವಾರ. ಕ್ಲೈಮ್ಯಾಕ್ಸ್. ನೆಟ್ಟಗೆ ಕೂತುಕೊಳ್ಳಿ.

ಮಧ್ಯಾಹ್ನ ಊಟದ ಹೊತ್ತು. ಗೋಂದು ಜೇಬಿನಿಂದ ಸೂಪರ್ ಗ್ಲೂ ಟ್ಯೂಬ್ ತೆಗೆದ. ಬೆಳಕಿಗೆ ಹಿಡಿದು ನೋಡಿದ. ಒಂದು ಸಲ ನಕ್ಕ. ಹಿಂತಿರುಗಿಯೂ ನೋಡದೆ ಹಿಂದಕ್ಕೆ ಎಸೆದ. ಕಸದ ಬುಟ್ಟಿ ಕೋಣೆಯ ಆಚೆ ಮೂಲೆಯಲ್ಲಿತ್ತು. ಸರಿಯಾಗಿ ಅದರೊಳಗೇ ಬಿತ್ತು.

ಮೂರು ಗಂಟೆ. ಕ್ಯುರೇಟರ್ ಸಾಹೇಬರು ವಾಚು ನೋಡುತ್ತಿದ್ದರು. ಅವಳು ಬಿಸಿನೀರಿನ ಬಟ್ಟಲಿನ ಮೇಲೆ ಚಿಮಟದಲ್ಲಿ ಹುಳ ಹಿಡಿದಿದ್ದಳು. ಆಗ ಬಾಗಿಲು ಧಡಾರನೆ ತೆರೆಯಿತು. ಫ್ಯಾನಿನ ಗಾಳಿಗೆ ಕೂದಲು ಹಾರಿತು. ಗೋಂದು ಸ್ಲೋ ಮೋಷನ್ನಿನಲ್ಲಿ ನಡೆದು ಬಂದ.

"ನಿಲ್ಲಿ!" ಎಂದ. "ಆ ಹುಳದ ತಲೆ ದೊಡ್ಡಪ್ಪಂದು. ಬಾಲ ಚಿಕ್ಕಪ್ಪಂದು. ತಪ್ಪು ಮಾತ್ರ ಪೂರ್ತಿ ನಂದು, ತಲೆಯಿಂದ ಬಾಲದವರೆಗೆ!"

ಫ್ಯಾನ್ ತಿರುಗಿತು.

ಅವಳು ಅವನನ್ನೇ ನೋಡುತ್ತ ಚಿಮಟ ಸಡಿಲಿಸಿದಳು. ಹುಳ ನೀರಿಗೆ ಬಿತ್ತು. ಒಂದು ನಿಮಿಷ. ಎರಡು. ದೊಡ್ಡಪ್ಪ ಒಂದು ದಡಕ್ಕೆ ಹೋದ, ಚಿಕ್ಕಪ್ಪ ಇನ್ನೊಂದು ದಡಕ್ಕೆ.

"ಏನಯ್ಯಾ, ಇದು ಮ್ಯೂಸಿಯಮ್ಮೋ ಸರ್ಕಸ್ಸೋ?" ಸಾಹೇಬರು ಕೂಗಿದ ಕೂಗಿಗೆ ಬೀರುವಿನೊಳಗಿನ ಚಿಟ್ಟೆಗಳೂ ರೆಕ್ಕೆ ಮುದುರಿಕೊಂಡಿರಬೇಕು. "ಇವತ್ತೇ ನಿನ್ನ ಗಂಟುಮೂಟೆ..."

"ಸಾರ್," ಅಂದಳು ಅವಳು. "ಮೋಸ ಮಾಡಿದ್ದು ಅವರು. ಮೋಸ ಹೋಗಿದ್ದು ನಾನು. ನನ್ನ ಪಾಲನ್ನ ನಾಳೆ ಕಮಿಟಿಗೆ ನಾನೇ ಹೇಳ್ತೀನಿ. ಅಲ್ಲೀವರೆಗೆ ಯಾರನ್ನೂ ಏನೂ ಮಾಡ್ಬೇಡಿ."

ಬಟ್ಟಲು ಎತ್ತಿಕೊಂಡು ಹೋದಳು.

ಶುಕ್ರವಾರ ಮೀಟಿಂಗ್ ಹಾಲಿನಲ್ಲಿ ಕಮಿಟಿಯ ಐದು ಜನ. ಪ್ರೊಜೆಕ್ಟರ್ ನೋಡಿಕೊಳ್ಳುವುದು ಗೋಂದುವಿನ ಕೆಲಸ, ಹಾಗಾಗಿ ಅವನೂ ಹಿಂದೆ ನಿಂತಿದ್ದ, ಬಲಗೈ ಜೇಬಿನಲ್ಲಿ. ಮೊದಲ ಚಿತ್ರದಲ್ಲಿ ಹುಳ ಇಡಿಯಾಗಿತ್ತು. "ಇದು ಹೊಸ ಜಾತಿ ಅಂತ ನಾನು ಮೂರು ವಾರ ನಂಬಿದ್ದೆ," ಎಂದಳು. ಎರಡನೇ ಚಿತ್ರದಲ್ಲಿ ಎರಡು ತುಂಡು. ಕಮಿಟಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳ ಕತ್ತು ಕೆಂಪಗಾಯಿತು, ಧ್ವನಿ ಮಾತ್ರ ಅಲುಗಲಿಲ್ಲ. ಜೋಡಣೆ ಎಲ್ಲಿ ಅಡಗಿತ್ತು, ತಾನು ಯಾಕೆ ಕೋಟಿನ ಅಂಚು ಎತ್ತಿ ನೋಡಲಿಲ್ಲ, ಒಂದೂ ಬಿಡದೆ ಹೇಳಿದಳು.

"ಸರಿಯಮ್ಮ," ಎಂದರು ಕಮಿಟಿಯ ಹಿರಿಯರೊಬ್ಬರು. "ಇದೇನೋ ಗೊತ್ತಾಯ್ತು. ಈ ನಲವತ್ತು ಪೆಟ್ಟಿಗೇಲಿ ಹಿಂದಿನವರು ಹೀಗೆ ಅಂಟಿಸಿದ್ದು ಇನ್ನೆಷ್ಟಿದೆ?"

"ಗೊತ್ತಿಲ್ಲ ಸಾರ್. ಒಂದೊಂದನ್ನೂ ನೆನೆಸಿ ನೋಡ್ಬೇಕು. ಎರಡು ವರ್ಷ ಬೇಕು. ಜೊತೆಗೆ, ಅಂಟಿಸೋ ಕಳ್ಳತನ ಬಲ್ಲವನು ಒಬ್ಬ ಬೇಕು."

ಸಾಹೇಬರು ನುಸಿಗುಳಿಗೆ ನುಂಗಿದವರಂತೆ ಮುಖ ಮಾಡಿದರು. ಕಮಿಟಿ ಎರಡು ವರ್ಷ ಕೊಟ್ಟಿತು. ಕಳ್ಳನನ್ನೂ ಕೊಟ್ಟಿತು.

ಸಂಜೆ ಹುಳಗಳ ಕೋಣೆಯಲ್ಲಿ ಅವಳು ಕರೆದಳು. "ಬಾ ಇಲ್ಲಿ."

ಒಂದೇ ಪಿನ್ನಿಗೆ ಎರಡು ಕಾಗದದ ತ್ರಿಕೋನ ಸಿಕ್ಕಿಸಿದ್ದಳು. ಮೇಲಿನದಕ್ಕೆ ತಲೆ, ಕೆಳಗಿನದಕ್ಕೆ ಬಾಲ.

"ಲೇಬಲ್ ನೀನೇ ಬರಿ. ದೊಡ್ಡಪ್ಪನ ತಲೆ, ಚಿಕ್ಕಪ್ಪನ ಬಾಲ. ಜೋಡಿಸಿದ್ದು ಗೋಂದು. ನಂಬಿದ್ದು ನಾನು."

ಗೋಂದು ಎಡಗೈಯಲ್ಲಿ ಬರೆದ. ಅಕ್ಷರಗಳು ಕುಡಿದು ಮನೆಗೆ ಹೊರಟವರ ಹಾಗೆ ಒಂದರ ಮೇಲೊಂದು ಬಿದ್ದವು.

"'ನಾನು' ಅಂದ್ರೆ ಯಾರು ಅಂತ ಮುಂದೆ ಓದೋರಿಗೆ ಹೆಂಗೆ ಗೊತ್ತಾಗ್ಬೇಕು?"

"ಗೋಂದು ಯಾರ ಜೊತೆ ಇದ್ದ ಅಂತ ವಿಚಾರಿಸಿದ್ರೆ ಗೊತ್ತಾಗತ್ತೆ."

"ಇದ್ದ? ಇದ್ದಾನೆ ಅನ್ನಿ ಮೇಡಂ."

"ಇರ್ತಾನೆ," ಎಂದಳು. ಕಿವಿ ಹಿಂದಕ್ಕೆ ಸರಿಯಿತು.

ಇಲ್ಲಿಗೆ ಶುಭಂ ಹಾಕಿ ಎದ್ದುಬಿಡಬಹುದಿತ್ತು. ಆದರೆ ನಿಮ್ಮ ಕಣ್ಣೂ ಬರೀ ಅಲಂಕಾರಕ್ಕಲ್ಲ. ಗುರುವಾರ 'ಅವರು' ಎಂದವಳು ಶುಕ್ರವಾರ 'ಬಾ ಇಲ್ಲಿ' ಹೇಗೆಂದಳು? ಬಂಗಾರದ ಕೈಯವನು ಎಡಗೈಯಲ್ಲಿ ಯಾಕೆ ಬರೆದ? ಸರಿ, ಒಪ್ಪಿಕೊಳ್ಳುತ್ತೇನೆ. ಗುರುವಾರದ ಆ ಸ್ಲೋ ಮೋಷನ್ನನ್ನು ನಾನೇ ತಂದು ಅಂಟಿಸಿದ್ದು. ಅವನು ಬಾಗಿಲು ಒದೆಯಲಿಲ್ಲ. ಆ ಡೈಲಾಗೂ ಅವನದಲ್ಲ, ನನ್ನದು. ಟ್ಯೂಬ್ ಕಸದ ಬುಟ್ಟಿಗೆ ಬೀಳಲಿಲ್ಲ. ಮೂರು ಗಂಟೆಗೆ ಹುಳ ನೀರಿಗೆ ಬಿದ್ದದ್ದು, ಸಾಹೇಬರು ಕೂಗಿದ್ದು, ಅವರೆದುರಿಗೆ ಅವಳು 'ಅವರು' ಎಂದದ್ದು ಮಾತ್ರ ನಿಜ.

ಅದಕ್ಕೂ ಮೊದಲು ನಡೆದದ್ದು ಇಷ್ಟು. ಊಟದ ಹೊತ್ತಿನಲ್ಲಿ ಅವನು ಕೋಣೆಗೆ ಹೋದದ್ದು ಸುಳ್ಳನ್ನು ಗಟ್ಟಿ ಮಾಡುವುದಕ್ಕೇ. ಹುಳ ಮುಂದಿತ್ತು, ಟ್ಯೂಬಿನ ಮೂತಿ ಕತ್ತರಿಸಿದ್ದ. ಒಂದು ಹನಿ ಬಿಟ್ಟರೆ ಆಯಿತು. ಬಿಡಲಾಗಲಿಲ್ಲ. ವಾಪಸು ಜೇಬಿಗೆ ಹಾಕಲೂ ಆಗಲಿಲ್ಲ. ಟ್ಯೂಬನ್ನು ಒತ್ತಿ ಹಿಡಿದುಕೊಂಡು, ಬಿಡಲೋ ಬೇಡವೋ ಎಂದು ಎಷ್ಟು ಹೊತ್ತು ನಿಂತನೋ. ಅದು ಹಿಂದುಗಡೆಯಿಂದ ಸೋರಿ, ಹೆಬ್ಬೆರಳು, ತೋರುಬೆರಳು, ಟ್ಯೂಬು, ಟ್ರೇ ಎಲ್ಲ ಒಂದೇ ಕುಟುಂಬವಾಯಿತು. ಟ್ರೇ ಟೇಬಲಿಗೆ ಸ್ಕ್ರೂ ಹಾಕಿದ್ದು. ಅವಳು ಮರೆತಿದ್ದ ಲೆನ್ಸು ತೆಗೆದುಕೊಳ್ಳಲು ಬಂದಾಗ ಗೋಂದು ಹುಳಕ್ಕೆ ನಮಸ್ಕಾರ ಮಾಡುವವನ ಹಾಗೆ ಬಗ್ಗಿ ನಿಂತಿದ್ದ.

ಅವನು ಓಡುವ ಹಾಗಿರಲಿಲ್ಲ. ಅದಕ್ಕೇ ನಿಜ ಹೇಳಿದ. ಡೈಲಾಗ್ ಒಂದೂ ಬರಲಿಲ್ಲ. "ಬಾಲ ನಾನು ಅಂಟಿಸಿದ್ದು. ನೀವು ಬೈದಿದ್ದಕ್ಕೆ. ಆಮೇಲೆ ನೀವು ಅತ್ತಿದ್ದಕ್ಕೆ ಹೇಳ್ಲಿಲ್ಲ. ಇವತ್ತು ಇದನ್ನ ಹಚ್ಚೋಕೆ ಬಂದೆ," ಎಂದ.

"ಹಚ್ಚಿದ್ರಾ?"

"ಇಲ್ಲ. ಕೈ ಬರ್ಲಿಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು. ಲೆನ್ಸಿನ ದಾರ ಹಲ್ಲಿನಲ್ಲಿತ್ತು. ಅವಳ ಭುಜ ಅಲುಗುತ್ತಿದ್ದದ್ದು ಅಳುವಿಗೋ ಕೋಪಕ್ಕೋ ಅವನಿಗೆ ಗೊತ್ತಾಗಲಿಲ್ಲ. ಮೂರು ವಾರ ಕಲಿತ ವಿದ್ಯೆಯೆಲ್ಲ ಅಲ್ಲಿ ಕೈಕೊಟ್ಟಿತು. ಆಮೇಲೆ ಅವಳು ಸೂಪರ್ ಗ್ಲೂ ಕರಗಿಸುವ ಅಸಿಟೋನ್ ಬಾಟಲಿ ತಂದಳು, ಹುಳದ ಕೂದಲಿನ ಧೂಳು ತೆಗೆಯುವ ಎಲ್ಲಕ್ಕಿಂತ ಸಣ್ಣ ಬ್ರಷ್ ತಂದಳು. ಎದುರು ಕೂತು, ಅವನ ಮುಂಗೈ ಹಿಡಿದು, ಬೆರಳಿನ ಅಂಚಿಗೆ ಒಂದೊಂದೇ ಹನಿ ಬಿಡತೊಡಗಿದಳು.

"ಅಲ್ಲಾಡಬೇಡಿ."

ಹೀಗೇ ಇಪ್ಪತ್ತು ನಿಮಿಷ. ಮೊಣಕಾಲಿಗೆ ಮೊಣಕಾಲು ತಗಲಿತ್ತು. ಚರ್ಮ ಸ್ವಲ್ಪ ಕಿತ್ತುಬಂತು, ಅವನು ಹಲ್ಲು ಕಚ್ಚಿದ. ಅವಳು ಅಲ್ಲಿಗೆ ಬಾಯಿಂದ ಗಾಳಿ ಊದಿದಳು. ಊದಿದ್ದು ತನಗೇ ಗೊತ್ತಾದಂತೆ ಒಂದು ಕ್ಷಣ ನಿಂತು, ಮತ್ತೆ ಊದಿದಳು.

"ಇದಕ್ಕಿಂತ ಹೊಸ ಜಾತಿ ನಂಗೆ ಸಿಕ್ಕಿಲ್ಲ," ಎಂದಳು, ತಲೆ ಎತ್ತದೆ. "ಇಷ್ಟು ಪೆದ್ದು ಗಂಡು."

ತೋರುಬೆರಳು ಬಿಟ್ಟಿತು. ಗೋಂದು ಕೈ ಎಳೆದುಕೊಳ್ಳಲು ನೋಡಿದ.

"ಅಲ್ಲಾಡಬೇಡ," ಎಂದಳು.

ಇಪ್ಪತ್ತು ನಿಮಿಷದ ಹಿಂದೆ 'ಬೇಡಿ' ಅಂದಿದ್ದ ಬಾಯಿ ಅದು. ಬೇಡಿ ಕಳಚಿತ್ತು, ಬೇಡ ಉಳಿದಿತ್ತು. ಅವನು ಅಲ್ಲಾಡಲಿಲ್ಲ. ಹೆಬ್ಬೆರಳು ಬಿಟ್ಟ ಮೇಲೂ ಅಲ್ಲಾಡಲಿಲ್ಲ. ಅವಳೂ ಹಿಡಿದ ಕೈ ಬಿಡಲಿಲ್ಲ.